ಆಟಕ್ಕುಂಟು, ಲೆಕ್ಕಕ್ಕಿಲ್ಲ

ಓಣಿಯಲ್ಲಿ ಲಗೋರಿ ಆಡುವಾಗ ನಾಲ್ಕೈದು ವರ್ಷದ ಸಣ್ಣ ಹುಡುಗರು ಅಳುತ್ತ ಬಂದು ನಿಂತರೆ ದೊಡ್ಡವರು ಅವರನ್ನೂ ಸೇರಿಸಿಕೊಳ್ಳುತ್ತಾರೆ. ಅವರು ಓಡಬಹುದು, ಚೆಂಡು ಎಸೆಯಬಹುದು, ಚೀರಬಹುದು. ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಅಂಥವರಿಗೆ ಹೇಳುವ ಮಾತೇ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಕಂಪ್ಯೂಟರ್ ಆಟಗಳ ಲೋಕದಲ್ಲಿ ಇದೇ ಮಾತಿನ ಮೇಲೆ ವರ್ಷಗಟ್ಟಲೆ ಜಗಳ ನಡೆಯುತ್ತದೆ ಎಂಬುದು ನನಗೆ ಗೊತ್ತಾಗಿದ್ದು ನನ್ನ ತಮ್ಮನಿಂದ.

ಅವನು ಒಂಬತ್ತನೇ ಇಯತ್ತೆ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ, ಅಬ್ಬಾ ಅಂಗಡಿಯ ಲೆಕ್ಕಕ್ಕೆಂದು ತಂದದ್ದು. ಅದರಲ್ಲಿ ಹೊಸ ಆಟ ಯಾವುದೂ ಓಡುವುದಿಲ್ಲ. ಓಡುವುದು ‘ಜಿಟಿಎ ವೈಸ್ ಸಿಟಿ’ ಒಂದೇ. 2002ರಲ್ಲಿ ಬಂದ ಆಟ, ಅವನಿಗಿಂತಲೂ ನನಗಿಂತಲೂ ಹಿರಿಯದು. (ಆ ಆಟ ಒಳ್ಳೆಯದೆಂದು ನಾನು ಹೇಳುತ್ತಿಲ್ಲ ಸರ್. ಅದರ ಬಗ್ಗೆ ನಮ್ಮ ಅಮ್ಮೀ ಹೇಳುವ ಮಾತನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಿಕ್ಕೆ ಬರುವುದಿಲ್ಲ.) ಆಟದ ಆರಂಭದಲ್ಲೇ ಬಂದರಿನ ಹತ್ತಿರ ಒಂದು ವ್ಯವಹಾರ ನಡೆಯುತ್ತದೆ. ಅಲ್ಲಿಗೆ ಹೆಲಿಕಾಪ್ಟರಿನಿಂದ ಒಬ್ಬ ಮನುಷ್ಯ ಇಳಿಯುತ್ತಾನೆ. ಪೆಟ್ಟಿಗೆ ಕೈ ಬದಲಾಗುವಷ್ಟರಲ್ಲಿ ಗುಂಡು ಹಾರುತ್ತದೆ, ಆ ಮನುಷ್ಯ ಅಲ್ಲೇ ಸಾಯುತ್ತಾನೆ. ಅವನೇ ವಿಕ್ ವ್ಯಾನ್ಸ್. ತೆರೆಯ ಮೇಲೆ ಅವನಿಗೆ ಸಿಗುವುದು ಒಂದು ನಿಮಿಷವೋ, ಅದಕ್ಕೂ ಕಡಿಮೆಯೋ. ಅವನ ತಮ್ಮ ಲ್ಯಾನ್ಸ್ ಮುಂದೆ ಆಟದ ತುಂಬ ಓಡಾಡಿಕೊಂಡಿರುತ್ತಾನೆ.

2006ರಲ್ಲಿ ಅದೇ ಕಂಪನಿ ‘ವೈಸ್ ಸಿಟಿ ಸ್ಟೋರೀಸ್’ ಎಂದು ಇನ್ನೊಂದು ಆಟ ಮಾಡಿತು, ಮೊದಲು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ, ಮರುವರ್ಷ ಪ್ಲೇಸ್ಟೇಷನ್ 2ಕ್ಕೆ. ಕಂಪ್ಯೂಟರಿಗೆ ಅದು ಬರಲೇ ಇಲ್ಲ. ಮೊದಲ ಆಟದ ಕತೆ 1986ರಲ್ಲಿ ನಡೆದರೆ ಇದರ ಕತೆ 1984ರಲ್ಲಿ. ಇದರ ನಾಯಕ ಆ ವಿಕ್ ವ್ಯಾನ್ಸನೇ. ಅವನು ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದನೆಂದೂ, ಮನೆಯಲ್ಲಿ ಕಾಯಿಲೆಯ ತಮ್ಮನಿದ್ದನೆಂದೂ, ಅವನ ಔಷಧಿಯ ಖರ್ಚಿಗಾಗಿ ಸೈನ್ಯ ಸೇರಿದ್ದನೆಂದೂ, ಮೇಲಧಿಕಾರಿಯೊಬ್ಬ ಅವನನ್ನು ಕೆಟ್ಟ ದಂಧೆಗೆ ಎಳೆದನೆಂದೂ ಇಲ್ಲಿ ತಿಳಿಯುತ್ತದೆ. ಒಂದು ನಿಮಿಷದಲ್ಲಿ ಸತ್ತುಹೋದವನಿಗೆ ಒಂದು ಪೂರ್ತಿ ಜೀವನ ಸಿಕ್ಕಿತು. ನನ್ನ ತಮ್ಮ ಇದನ್ನು ಆಡಿಲ್ಲ, ಬೇರೆ ಯಾರೋ ಆಡಿದ್ದನ್ನು ಯೂಟ್ಯೂಬಿನಲ್ಲಿ ನೋಡಿದ್ದಾನೆ. ನೋಡಿದ ಮೇಲೆ ಹಳೆಯ ಆಟದ ಆ ಆರಂಭದ ದೃಶ್ಯವನ್ನು ಅವನು ದಾಟಿಸಿ ಮುಂದೆ ಹೋಗುವುದಿಲ್ಲ, ಪೂರ್ತಿ ನೋಡುತ್ತಾನೆ.

ಅವನ ಗೆಳೆಯ ಇದನ್ನು ಒಪ್ಪುವುದಿಲ್ಲ. ಒಂದು ಭಾನುವಾರ ಇಬ್ಬರ ವಾದ ಅಡುಗೆಮನೆಯವರೆಗೂ ಕೇಳುತ್ತಿತ್ತು.

“ಅದು ಕಂಪ್ಯೂಟರ್‌ನ್ಯಾಗ ಬಂದೇ ಇಲ್ಲ. ಹೆಂಗ ಲೆಕ್ಕಕ್ಕ ಹಿಡಿತಿ?”

“ಮಾಡಿದಾವ್ರು ಅವ್ರ ಅಲ್ಲೇನಲೇ?”

“ಮಾಡಿದ್ರ ಏನಾತು? ಆಮ್ಯಾಲೆ ನೆನಪಾಗಿ ಸೇರಿಸ್ಯಾರ. ಮೊದಲನೇದರಾಗ ಅಂವಂಗ ಹಿಂದಿಲ್ಲ ಮುಂದಿಲ್ಲ.”

ಇದನ್ನೇ ಇಂಗ್ಲಿಷಿನಲ್ಲಿ ‘ಕ್ಯಾನನ್’ನ ಪ್ರಶ್ನೆ ಎನ್ನುತ್ತಾರೆ. ಇದು ಮೊದಲು ಚರ್ಚಿನ ಶಬ್ದ, ಯಾವ ಗ್ರಂಥಗಳು ಧರ್ಮಗ್ರಂಥದೊಳಗೆ ಸೇರುತ್ತವೆ, ಯಾವವು ಇಲ್ಲ ಎಂಬ ಪಟ್ಟಿಗೆ ಇಟ್ಟ ಹೆಸರು. ಆಮೇಲೆ ಶೆರ್ಲಾಕ್ ಹೋಮ್ಸನ ಅಭಿಮಾನಿಗಳು ಅದನ್ನು ಎತ್ತಿಕೊಂಡರು. ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಕತೆಗಳು ಲೆಕ್ಕಕ್ಕೆ, ಬೇರೆಯವರು ಬರೆದ ನೂರಾರು ಹೋಮ್ಸ್ ಕತೆಗಳು ಆಟಕ್ಕೆ. ಅಲ್ಲಿಂದ ಆ ಶಬ್ದ ಸಿನಿಮಾಕ್ಕೂ ವಿಡಿಯೋ ಗೇಮಿಗೂ ಬಂತು. ಮೂಲ ಆಟದಿಂದ ಕವಲೊಡೆದು ಬಂದ ಆಟಕ್ಕೆ ಸ್ಪಿನ್‌ಆಫ್ ಎನ್ನುತ್ತಾರೆ. ಕವಲಿನಲ್ಲಿ ನಡೆದದ್ದು ಬೊಡ್ಡೆಯಲ್ಲೂ ನಡೆದಂತೆಯೋ ಅಲ್ಲವೋ ಎಂಬುದೇ ಜಗಳ.

ಆಟಗಳ ವಿಷಯದಲ್ಲಿ ಉತ್ತರ ಸರಳ, ಸ್ವಲ್ಪ ಬೇಸರದ್ದೂ ಹೌದು. ಯಾರ ಕೈಯಲ್ಲಿ ಹಕ್ಕುಪತ್ರ ಇದೆಯೋ ಅವರು ಹೇಳಿದ್ದೇ ಲೆಕ್ಕ. ಪಬ್‌ಜಿ ನಿಮಗೆಲ್ಲ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಅದು ನಮ್ಮ ದೇಶದಲ್ಲಿ ಬಂದಾದಾಗ ನಮ್ಮ ಓಣಿಯಲ್ಲಿ ಎರಡು ದಿನ ಸೂತಕದ ಮನೆಯಂಥ ಮೌನವಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ‘ದ ಕ್ಯಾಲಿಸ್ಟೊ ಪ್ರೊಟೊಕಾಲ್’ ಎಂಬ ಆಟ ಬರುತ್ತದೆಂದು ಘೋಷಿಸಿದರು. ಅದರ ಕತೆ ಪಬ್‌ಜಿಯ ಲೋಕದಲ್ಲೇ, 300 ವರ್ಷ ಮುಂದೆ, ಗುರುಗ್ರಹದ ಉಪಗ್ರಹವೊಂದರ ಜೈಲಿನಲ್ಲಿ ನಡೆಯುತ್ತದೆ ಎಂದು ಹೇಳಿದರು. 2022ರ ಮೇ ತಿಂಗಳಲ್ಲಿ ಆಟ ಮಾಡುವ ತಂಡದ ಮುಖ್ಯಸ್ಥರೇ, ಇನ್ನು ಇದಕ್ಕೂ ಪಬ್‌ಜಿಗೂ ಸಂಬಂಧವಿಲ್ಲ, ಇದರದು ಬೇರೆಯೇ ಲೋಕ ಎಂದುಬಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಆಟ ಬಂತು, ಪಬ್‌ಜಿಯ ಹೆಸರಿಲ್ಲದೆ. ಹುಟ್ಟುವ ಮೊದಲೇ ಸೋಡಚೀಟಿ. ‘ಸ್ಟಾರ್ ವಾರ್ಸ್’ನದು ಇನ್ನೂ ದೊಡ್ಡ ಕತೆ. ದಶಕಗಳ ಕಾಲ ಬಂದ ಕಾದಂಬರಿ, ಚಿತ್ರಕತೆ, ವಿಡಿಯೋ ಗೇಮ್‌ಗಳನ್ನೆಲ್ಲ 2014ರ ಏಪ್ರಿಲಿನಲ್ಲಿ ಕಂಪನಿ ಒಂದೇ ಪ್ರಕಟಣೆಯಲ್ಲಿ ‘ದಂತಕತೆ’ಗಳ ಸಾಲಿಗೆ ಸರಿಸಿತು. ಹೊಸ ಸಿನಿಮಾ ಮಾಡುವವರಿಗೆ ಹಳೆಯ ಕತೆಗಳು ಅಡ್ಡಬರಬಾರದು ಎಂಬುದೇ ಕಾರಣ. ಪುಸ್ತಕಗಳನ್ನು ಯಾರೂ ಸುಡಲಿಲ್ಲ, ಆಟಗಳನ್ನು ಯಾರೂ ಕಸಿದುಕೊಳ್ಳಲಿಲ್ಲ. ಆದರೂ ಓದಿದವರಿಗೆ, ಆಡಿದವರಿಗೆ ಮನೆಯ ಪಡಿತರ ಚೀಟಿಯಿಂದ ಹೆಸರು ತೆಗೆದಹಾಗೆ ಆಯಿತು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನಗೆ ಹತ್ತಿದ ಪ್ರಶ್ನೆ ಬೇರೆ. ಕಂಪನಿ ಇಲ್ಲದ ಕತೆಗಳಿಗೆ ಯಾರು ಹೇಳಬೇಕು?

ನಾವು ಓದುವ ಈ ಸೀಮೆಯಲ್ಲೇ ಅಂಥ ಎರಡು ಕತೆಗಳಿವೆ. ಅಣ್ಣಿಗೇರಿಯನ್ನು ನಾವೆಲ್ಲ ಪಂಪನ ಊರು ಎನ್ನುತ್ತೇವೆ. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದಲ್ಲಿ, ಕರೀಂನಗರದ ಕಡೆ ಕಲ್ಲಿನಲ್ಲಿ ಕೆತ್ತಿಸಿದ ಶಾಸನವೊಂದಿದೆ. ಅದರಲ್ಲಿ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದಿದೆ. ಅಂದರೆ ಇದು ಅವನ ತಾಯಿಯ ಕಡೆಯ ಊರು. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ವ್ಯಾಸರ ಮಹಾಭಾರತವೇ, ಆದರೆ ಬದಲಾವಣೆಗಳು ಸಣ್ಣವಲ್ಲ. ವ್ಯಾಸರಲ್ಲಿ ದ್ರೌಪದಿಗೆ ಐವರು ಗಂಡಂದಿರು, ಪಂಪನಲ್ಲಿ ಅರ್ಜುನ ಒಬ್ಬನೇ. ವ್ಯಾಸರಲ್ಲಿ ಯುದ್ಧ ಗೆದ್ದ ಮೇಲೆ ಪಟ್ಟ ಧರ್ಮರಾಜನಿಗೆ, ಪಂಪನಲ್ಲಿ ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಯಾಕೆಂದರೆ ಪಂಪನ ಅರ್ಜುನ ಬರೀ ಅರ್ಜುನನಲ್ಲ, ಅವನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಳುಕ್ಯ ಅರಸ ಅರಿಕೇಸರಿಯೂ ಹೌದು. ಅರಸನನ್ನು ನಾಯಕನ ಜಾಗದಲ್ಲಿ ಕೂರಿಸಿದ ಮೇಲೆ ಅವನ ಹೆಂಡತಿಯನ್ನು ಐವರಿಗೆ ಹಂಚುವುದು ಹೇಗೆ?

ಕ್ಲಾಸಿನಲ್ಲಿ ಇದರ ಮೇಲೆ ನಮ್ಮ ಕನ್ನಡ ಸರ್‌ಗೆ ಒಬ್ಬ ಗೆಳತಿ ಕೇಳಿದಳು: “ಸರ್, ದ್ರೌಪದಿ ಅರ್ಜುನನ ಹೆಂಡತಿ ಅಷ್ಟೇ ಆದರೆ, ಅವಳ ಮುಡಿಗೆ ಕೈಹಾಕಿದವನ ಮೇಲೆ ಭೀಮನಿಗೆ ಅಷ್ಟು ಸಿಟ್ಟು ಯಾಕೆ?” ಸರ್ ನಕ್ಕು, ಈ ಪ್ರಶ್ನೆ ನಿನಗಿಂತ ಮೊದಲು ದೊಡ್ಡ ದೊಡ್ಡ ವಿದ್ವಾಂಸರು ಕೇಳಿದ್ದಾರೆ ಎಂದರು. ಪಂಪ ಗಂಡಂದಿರನ್ನು ಬದಲಿಸಿದ, ಭೀಮನ ಶಪಥವನ್ನು ಹಾಗೇ ಇಟ್ಟುಕೊಂಡ. ಕವಲಿನಲ್ಲಿ ಒಂದು ಮೊಳೆ ಕಿತ್ತರೆ ಬೇರೆ ಕಡೆ ಹಲಗೆ ಅಲ್ಲಾಡುತ್ತದೆ. ವಿಕ್ ವ್ಯಾನ್ಸನ ಕತೆಯಲ್ಲೂ ಹೀಗೇ ಆಗಿದೆ ಎಂದು ನನ್ನ ತಮ್ಮನ ಗೆಳೆಯ ಹೇಳುತ್ತಾನೆ. ಆ ದಂಧೆಯೇ ಬೇಡವೆಂದು 1984ರಲ್ಲಿ ಕೈತೊಳೆದುಕೊಂಡವನು 1986ರಲ್ಲಿ ಅದೇ ಪೆಟ್ಟಿಗೆ ಹಿಡಿದು ಯಾಕೆ ಇಳಿದ?

ನನಗೆ ಹೊಳೆದ ಒಂದು ಮಾತು ಇದೆ. ಜಿಟಿಎ ಮಾಡಿದ ಕಂಪನಿ ತನ್ನ ಹಳೆಯ ಆಟಗಳ ಲೋಕ ಬೇರೆ, 2008ರ ನಾಲ್ಕನೆಯ ಆಟದಿಂದ ಶುರುವಾದ ಲೋಕ ಬೇರೆ ಎಂದು ಹೇಳಿದೆ. ಎರಡರಲ್ಲೂ ಲಿಬರ್ಟಿ ಸಿಟಿ ಇದೆ, ಆದರೆ ಈ ಲಿಬರ್ಟಿ ಸಿಟಿಯ ಮನುಷ್ಯ ಆ ಲಿಬರ್ಟಿ ಸಿಟಿಗೆ ಹೋಗುವುದಿಲ್ಲ. ಪಂಪನ ಹಸ್ತಿನಾಪುರವನ್ನೂ ವ್ಯಾಸರ ಹಸ್ತಿನಾಪುರವನ್ನೂ ಹೀಗೆ ನೋಡಿದರೆ ಜಗಳವೇ ಇಲ್ಲ. ಊರಿನ ಹೆಸರು ಒಂದೇ, ಮಣ್ಣು ಬೇರೆ.

ಆದರೆ ಪಂಪನ ಕಾಲದವರಾಗಲಿ ಆಮೇಲಿನವರಾಗಲಿ ಹೀಗೆ ಗೋಡೆ ಕಟ್ಟಿಕೊಳ್ಳಲಿಲ್ಲ. ಅವರು ಒಬ್ಬರ ಹೊಲದಲ್ಲಿ ಒಬ್ಬರು ಬಿತ್ತಿದರು. ಮುಧೋಳದ ರನ್ನ, ಪಂಪಭಾರತದ ಒಂದು ಅಧ್ಯಾಯದಲ್ಲಿದ್ದ ಭೀಮ ದುರ್ಯೋಧನರ ಕಾಳಗವನ್ನೇ ಹಿಗ್ಗಿಸಿ ‘ಗದಾಯುದ್ಧ’ ಬರೆದ. ಅದು ಕವಲಿನ ಕವಲು. ಅವನೂ ತನ್ನ ಅರಸ ಸತ್ಯಾಶ್ರಯನನ್ನು ಭೀಮನ ಜೊತೆ ಸಮ ಮಾಡಿದ. ಆದರೆ ಓದುವವರ ಕಣ್ಣಲ್ಲಿ ನೀರು ತರಿಸುವವನು ಸೋತ ದುರ್ಯೋಧನ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣ ರಾಕ್ಷಸನಲ್ಲ, ಒಂದು ತಪ್ಪಿನಿಂದ ಜಾರಿದ ದೊಡ್ಡ ಮನುಷ್ಯ. ಇವರೆಲ್ಲ ನಮ್ಮ ಪಿಯುಸಿ ಪಠ್ಯದಲ್ಲಿದ್ದಾರೆ, ನೀವೂ ಬಾಯಿಪಾಠ ಮಾಡಿದ್ದೀರಿ. ವ್ಯಾಸರ ಮೇಲೆ, ವಾಲ್ಮೀಕಿಯ ಮೇಲೆ ನಮಗೆ ಒಂದು ಅಂಕದ ಪ್ರಶ್ನೆಯೂ ಬರುವುದಿಲ್ಲ. ಬೋರ್ಡಿನವರು ಕೊಡುವ ಅಂಕವೆಲ್ಲ ಸ್ಪಿನ್‌ಆಫ್‌ಗಳಿಗೇ.

ಪಂಪ ಅಣ್ಣಿಗೇರಿಯ ಮೊಮ್ಮಗನಾದರೆ ಕುಮಾರವ್ಯಾಸ ಕೋಳಿವಾಡದವನು, ಹುಬ್ಬಳ್ಳಿ ತಾಲೂಕು. ಇಲ್ಲಿಂದ ದೂರವೇನಲ್ಲ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಬರೆದನೆಂದು ಈಗಲೂ ಕಂಬ ತೋರಿಸುತ್ತಾರೆ. ಇಬ್ಬರ ನಡುವೆ ಸುಮಾರು 500 ವರ್ಷ. ಒಂದೇ ಎರಿ ನೆಲದಲ್ಲಿ ಎರಡು ಭಾರತ! ಪಂಪನಿಗೆ ಅರ್ಜುನ ನಾಯಕ, ಕುಮಾರವ್ಯಾಸನಿಗೆ ಕೃಷ್ಣನೇ ಎಲ್ಲ. ನನಗೆ ಇಬ್ಬರಲ್ಲಿ ಹಿಡಿಸುವುದು ಅವರು ಮೂಲದ ಮುಂದೆ ನಿಲ್ಲುವ ರೀತಿ. ಪಂಪ ಹೇಳುವುದರ ತಾತ್ಪರ್ಯ ಇಷ್ಟು: ವ್ಯಾಸರ ಮಾತಿನ ಕಡಲನ್ನು ಈಸುತ್ತೇನೆ, ಹಾಗಂತ ನಾನೇ ವ್ಯಾಸ ಎಂಬ ಸೊಕ್ಕು ನನಗಿಲ್ಲ. ಇನ್ನೊಬ್ಬ ತನ್ನ ಹೆಸರನ್ನೇ ಕುಮಾರವ್ಯಾಸ ಎಂದಿಟ್ಟುಕೊಂಡ, ವ್ಯಾಸನ ಮಗ. ಅನುಮತಿ ಕೇಳಲು ಕಂಪನಿ ಇರಲಿಲ್ಲ, ಆದ್ದರಿಂದ ಒಬ್ಬ ಕೈಮುಗಿದು ಒಳಗೆ ಬಂದ, ಇನ್ನೊಬ್ಬ ಮಗನ ಹಕ್ಕಿನಿಂದ ಬಂದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಇವರಲ್ಲಿ ಯಾವುದು ಲೆಕ್ಕಕ್ಕೆ ಎಂದು ಜನ ಕೇಳಲಿಲ್ಲ. ಚಲೋ ಇದ್ದದ್ದನ್ನು ಇಟ್ಟುಕೊಂಡರು, ಉಳಿದದ್ದನ್ನು ಮರೆತರು.

ಇಲ್ಲಿಯವರೆಗೆ ಬರೆಯುವುದು ಸುಲಭ, ಯಾಕೆಂದರೆ ಇದು ಪುಸ್ತಕದ ವಿಷಯ. ನಮ್ಮ ನಾನಾನ ವಿಷಯ ಹಾಗಲ್ಲ.

ಅಮ್ಮೀಯ ತವರು ನವಲಗುಂದ ಕಡೆ, ಬೆಣ್ಣೆಹಳ್ಳದ ಆಚೆ ಒಂದು ಸಣ್ಣ ಹಳ್ಳಿ. ನಾನಾ ಅಲ್ಲಿ ಅಲಾವಿ ಪದ ಹಾಡುವವರು. ಮೊಹರಂ ಬಂತೆಂದರೆ ಹೆಜ್ಜೆ ಮೇಳ, ರಿವಾಯತ್ ಪದ, ರಾತ್ರಿ ಎರಡು ಗಂಟೆಯವರೆಗೆ. ಮೇಳದಲ್ಲಿ ಹದಿನಾಲ್ಕು ಮಂದಿ, ಮುಸಲರು ಐವರೋ ಆರೋ, ಉಳಿದವರು ಕುರುಬರು, ಲಿಂಗಾಯತರು, ತಳವಾರರು. ಪದಗಳೆಲ್ಲ ಕನ್ನಡದಲ್ಲಿ. ಹಸನ್ ಹುಸೇನರ ಕತೆ, ಕರ್ಬಲಾದಲ್ಲಿ ನೀರು ಸಿಗದೆ ಮಕ್ಕಳು ಒದ್ದಾಡಿದ್ದು, ಕಾಸಿಂ ಸಾಹೇಬರ ಲಗ್ನ. ಈ ಲಗ್ನದ ಪದವೇ ನಾನಾನ ಹೆಸರು ಮಾಡಿದ್ದು. ಯುದ್ಧಕ್ಕೆ ಹೋಗುವ ಮೊದಲು ಹುಡುಗನಿಗೆ ಮದುವೆ. ನಾನಾನ ಪದದಲ್ಲಿ ಆ ಮದುವೆಗೆ ಹಂದರ ಹಾಕುತ್ತಾರೆ, ಅರಿಶಿಣ ಹಚ್ಚುತ್ತಾರೆ, ಹುಡುಗಿಗೆ ಹಸಿರು ಬಳೆ ಇಡಿಸುತ್ತಾರೆ, ಬೀಗರು ಊಟಕ್ಕೆ ಕೂತಾಗ ಗೋಧಿ ಹುಗ್ಗಿ ಬಡಿಸುತ್ತಾರೆ. ಇರಾಕಿನ ಮರುಭೂಮಿಯಲ್ಲಿ, 680ನೇ ಇಸವಿಯಲ್ಲಿ, ನಮ್ಮ ನವಲಗುಂದ ತಾಲೂಕಿನ ಲಗ್ನ. ಹುಡುಗ ಕುದುರೆ ಏರುವಾಗ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು, ಎಲ್ಲ ಜಾತಿಯವರೂ.

ನಮ್ಮ ಮಾಮು ಹುಬ್ಬಳ್ಳಿಯಲ್ಲಿದ್ದಾರೆ. ಓದಿದವರು, ನಮಾಜು ರೋಜಾ ತಪ್ಪದವರು, ನನಗೆ ಪಿಯುಸಿಗೆ ಹಚ್ಚಿರಿ ಎಂದು ಅಬ್ಬಾನ ಹತ್ತಿರ ವಾದ ಮಾಡಿದವರೂ ಅವರೇ. ಮೂರು ವರ್ಷದ ಹಿಂದೆ ಅವರು ನಾನಾಗೆ ಹೇಳಿದರು: “ಅಬ್ಬಾ, ಈ ಲಗ್ನದ ಕತಿ ಯಾವ ಹಳೇ ಕಿತಾಬಿನ್ಯಾಗೂ ಇಲ್ಲ. ಜನ ಇದನ್ನ ಖರೇ ಅಂತ ತಿಳ್ಕೋತಾರ. ಬಿಡ್ರಿ ಇನ್ನ.” ಜಗಳ ಮಾಡಲಿಲ್ಲ, ದನಿ ಏರಿಸಲಿಲ್ಲ. ಆ ವರ್ಷ ನಾನಾ ಮೇಳಕ್ಕೆ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಮಂಡಿ ನೋವು ಎಂದರು.

ಮಾಮು ಹೇಳಿದ್ದರಲ್ಲಿ ತಳವಿಲ್ಲ ಎನ್ನುವಂತಿಲ್ಲ. ಕಾಸಿಂರ ಮದುವೆಯ ಕತೆ ಹಳೆಯ ಇತಿಹಾಸಗಳಲ್ಲಿ ಸಿಗುವುದಿಲ್ಲ ಎಂದು ಆಲಿಮರೂ ಇತಿಹಾಸಕಾರರೂ ಹೇಳುತ್ತಾರೆ. 1500ರ ಸುಮಾರಿಗೆ ಹೆರಾತಿನಲ್ಲಿ ಹುಸೇನ್ ವಾಇಜ್ ಕಾಶಿಫಿ ಪಾರ್ಸಿಯಲ್ಲಿ ಬರೆದ ‘ರೌಜತುಶ್ ಶುಹದಾ’ ಎಂಬ ಪುಸ್ತಕದಿಂದ ಅದು ಹೆಚ್ಚು ಹರಡಿತು. ಬಿಜಾಪುರ, ಗೋಲ್ಕೊಂಡಗಳಲ್ಲಿ ದಖ್ಖನಿ ಭಾಷೆಯ ಮರ್ಸಿಯಾಗಳು ಹುಟ್ಟಿದವು. ಹಳ್ಳಿಗಳಲ್ಲಿ ಕರ್ಬಲಾದ ಕತೆ ಕನ್ನಡದ ಪದವಾಯಿತು. ಪ್ರತಿ ಊರಲ್ಲಿ ಒಂದೊಂದು ಬಣ್ಣ ಬಳಿದುಕೊಂಡಿತು. ನಾನಾನ ಗೋಧಿ ಹುಗ್ಗಿ ಎಲ್ಲಿ ಸೇರಿತೋ, ಬಹುಶಃ ನಾನಾನ ಉಸ್ತಾದರ ಬಾಯಲ್ಲಿ.

ಇಲ್ಲಿ ನಮ್ಮ ದೀನ್‌ನದೇ ಒಂದು ಪದ್ಧತಿ ಇದೆ, ಆಟದ ಕಂಪನಿಗಳಿಗಿಂತ ಸಾವಿರ ವರ್ಷ ಹಳೆಯದು, ಸಾವಿರ ಪಾಲು ಗಟ್ಟಿಯದು. ಒಂದು ಹದೀಸನ್ನು ಒಪ್ಪಬೇಕಾದರೆ ಸನದ್ ಬೇಕು. ಇವರು ಇವರಿಂದ ಕೇಳಿದರು, ಅವರು ಅವರಿಂದ, ಅವರು ಸಹಾಬಿಯಿಂದ ಎಂಬ ಸರಪಳಿ. ಸರಪಳಿಯ ಒಂದೊಂದು ಕೊಂಡಿಯ ಮನುಷ್ಯ ಎಂಥವನು, ನೆನಪು ಗಟ್ಟಿಯೋ, ಸುಳ್ಳು ಹೇಳಿದವನೋ, ಹೇಳಿದವನೂ ಕೇಳಿದವನೂ ನಿಜವಾಗಿ ಭೇಟಿಯಾಗಿದ್ದರೋ ಎಂದು ನೋಡುತ್ತಾರೆ. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿ ಇಂಥ ಜರಡಿ ಹಿಡಿದವರಲ್ಲಿ ದೊಡ್ಡ ಹೆಸರು. ಅಲ್ಲಿ ಯಾರ ಹತ್ತಿರ ಹಕ್ಕುಪತ್ರ ಇದೆ ಎಂಬುದು ಪ್ರಶ್ನೆಯಲ್ಲ, ಕತೆ ಚಲೋ ಇದೆಯೋ ಇಲ್ಲವೋ ಎಂಬುದೂ ಅಲ್ಲ. ಮಾತು ಎಲ್ಲಿಂದ ಬಂತು ಎಂಬುದು ಪ್ರಶ್ನೆ. ದೀನ್‌ನ ವಿಷಯದಲ್ಲಿ ಈ ಜರಡಿಯನ್ನು ಸಡಿಲ ಮಾಡಬೇಕೆಂದು ನಾನು ಹೇಳುವುದಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಒಂದು ಪದದ ಮೇಲಿನ ಪ್ರೀತಿಗೆ ಸಡಿಲ ಮಾಡಲಿಕ್ಕೆ ಬರುವುದಿಲ್ಲ.

ಆದರೆ ನಾನಾನ ಪದ ಹದೀಸು ಎಂದು ಯಾವತ್ತಾದರೂ ಹೇಳಿಕೊಂಡಿತ್ತೇ? ಇದನ್ನೇ ನಾನು ಹೋದ ರಜೆಯಲ್ಲಿ ನಾನಾಗೆ ಕೇಳಿದೆ. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. “ಹಾಡ ಹಾಡ, ಕಿತಾಬ ಕಿತಾಬ,” ಅಂದರು. “ಮಸೀದ್ಯಾಗ ನಾ ಎಂದಾದರೂ ಹಾಡೇನೇನು?”

ನಿಜ, ಹಾಡಿಲ್ಲ. ಜಾಗವೇ ಬೇರೆ. ಮಾಮು ಹೆದರುವುದು ಕೇಳುವವರ ಬಗ್ಗೆ, ಅವರು ಎರಡನ್ನೂ ಒಂದೇ ಎಂದು ತಿಳಿದುಕೊಂಡರೆ ಎಂದು. ಆ ಹೆದರಿಕೆಗೆ ಅರ್ಥವಿದೆ. ನಾನಾನ ಜೊತೆಗೆ ಹಿಮ್ಮೇಳ ಹಾಡುವ ಕುರುಬರ ಅಜ್ಜನೊಬ್ಬರು ಇದ್ದಾರೆ. ಅವರಿಗೆ ಕರ್ಬಲಾ ಎಂದರೆ ಈ ಪದಗಳು, ಅಷ್ಟೇ. ಬೇರೆ ಕಿತಾಬು ಅವರ ಕೈಗೆ ಬರುವುದಿಲ್ಲ. ಹುಸೇನರು ನೀರಿಗಾಗಿ ನಿಂತದ್ದನ್ನು ಅವರು ತಮ್ಮ ಮೊಮ್ಮಕ್ಕಳಿಗೆ ಹೇಳುವಾಗ ಹಂದರ, ಹಸಿರು ಬಳೆ ಎಲ್ಲವನ್ನೂ ಸೇರಿಸಿಯೇ ಹೇಳುತ್ತಾರೆ. ಆ ಪದ ನಿಂತರೆ ಅವರ ಮನೆಯಲ್ಲಿ ಕರ್ಬಲಾ ಸರಿಯಾಗುವುದಿಲ್ಲ, ಕರ್ಬಲಾವೇ ಇರುವುದಿಲ್ಲ. ಹಾಗೇ ನನ್ನ ದ್ರೌಪದಿಯೂ. ನಾನು ವ್ಯಾಸರನ್ನು ಓದಿಲ್ಲ, ಸಂಸ್ಕೃತ ಬರುವುದಿಲ್ಲ. ಕೋಳಿವಾಡದವನು ಬರೆದ ದ್ರೌಪದಿ ಕೀಚಕನ ಕಾಟ ತಾಳದೆ ರಾತ್ರಿ ಭೀಮನ ಹತ್ತಿರ ಹೋಗಿ ಅಳುವುದನ್ನು ಓದಿಯೇ ನನಗೆ ಅವಳು ಗೊತ್ತಾದದ್ದು. ಅವರಿಗೆ ನಮ್ಮ ಕಾಸಿಂ ಕವಲಿನಿಂದ ಸಿಕ್ಕಿದ, ನನಗೆ ಅವರ ದ್ರೌಪದಿ ಕವಲಿನಿಂದ ಸಿಕ್ಕಳು. ಬೊಡ್ಡೆಗೆ ಹೋಗುವ ದಾರಿ ಇಬ್ಬರಿಗೂ ದೂರ.

ನಮ್ಮ ಸೀಮೆಯಲ್ಲಿ ಇದು ಹೊಸದೂ ಅಲ್ಲ. ಯಮನೂರಿನ ಒಬ್ಬರೇ ಸಂತರಿಗೆ ಕೆಲವರು ಚಾಂಗದೇವ ಎನ್ನುತ್ತಾರೆ, ಕೆಲವರು ರಾಜಾಬಾಗಸವಾರ ಎನ್ನುತ್ತಾರೆ, ಎರಡೂ ಗುಂಪು ಒಂದೇ ಜಾತ್ರೆಗೆ ಹೋಗುತ್ತದೆ. ಶಿಶುನಾಳದ ಶರೀಫರಿಗೆ ಗುರು ಸಿಕ್ಕಿದ್ದು ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರಲ್ಲಿ. ಶರೀಫರ ಪದಗಳೂ ಬಾಯಿಂದ ಬಾಯಿಗೆ ಬಂದವು. ಅವರ ಅಂಕಿತ ಇದೆ ಎಂದ ಮಾತ್ರಕ್ಕೆ ಎಲ್ಲವೂ ಅವರದೇ ಎಂದು ಹೇಗೆ ಹೇಳುವುದು? ಅಂಕಿತ ಹಾಕಿ ಹಾಡುವುದು ಯಾರಿಗಾದರೂ ಬರುತ್ತದೆ. ಒಂದು ಭಜನಾ ಮೇಳದಲ್ಲಿ ಕೇಳಿದ ಪದ ಇನ್ನೊಂದರಲ್ಲಿ ಎರಡು ನುಡಿ ಹೆಚ್ಚಾಗಿರುತ್ತದೆ.

ಆ ರಜೆಯಲ್ಲೇ ನಾನು ನಾನಾನ ಪದಗಳನ್ನು ಮೊಬೈಲಿನಲ್ಲಿ ಹಿಡಿಯಲು ಶುರು ಮಾಡಿದೆ. ಮೊದಲು ಒಲ್ಲೆ ಎಂದರು. ಕಾಲೇಜಿನ ಕೆಲಸಕ್ಕೆ ಎಂದ ಮೇಲೆ ಒಪ್ಪಿದರು, ಕಾಲೇಜು ಎಂದರೆ ಅವರಿಗೆ ಭಾರೀ ಮರ್ಯಾದೆ. ಕಾಸಿಂ ಲಗ್ನದ ಪದವನ್ನು ಒಂದು ಸಂಜೆ ಹಾಡಿದರು, ಮೂವತ್ತೆರಡು ನುಡಿ. ಮರುದಿನ ಫೋನಿನಲ್ಲಿ ಗಾಳಿಯ ಸದ್ದು ಹೆಚ್ಚಾಗಿದೆ ಎಂದು ಮತ್ತೆ ಹಾಡಿಸಿದೆ. ಈ ಸಲ ಇಪ್ಪತ್ತೊಂಬತ್ತು ನುಡಿ, ಅದರಲ್ಲಿ ನಾಲ್ಕು ನಿನ್ನೆ ಇರಲಿಲ್ಲ. ನಿನ್ನೆ ತಾಯಿ ಕುದುರೆಯ ಲಗಾಮು ಹಿಡಿದು ನಿಲ್ಲಿಸಿದ್ದಳು, ಇವತ್ತು ಮದುವಣಗಿತ್ತಿ ಹಿಡಿದಿದ್ದಳು. ಯಾವುದು ಸರಿ ನಾನಾ ಎಂದೆ. “ನಿನ್ನೆ ಹಾಡಿದ್ದೂ ಸರಿ, ಇವತ್ತ ಹಾಡಿದ್ದೂ ಸರಿ. ಹಿಡಿಯಾಕ ಯಾರರ ಒಬ್ರು ಬೇಕಲ್ಲ?”

ಇದು ನನಗೆ ತೊಡಕಾಯಿತು. ಬರೆದುಕೊಳ್ಳಲು ಕೂತರೆ ಒಂದನ್ನು ಆರಿಸಬೇಕು. ನಾನು ಆರಿಸಿದ್ದೇ ಮುಂದೆ ನಾನಾನ ಪದ ಎಂದಾಗುತ್ತದೆ, ಇನ್ನೊಂದು ಲೆಕ್ಕಕ್ಕಿಲ್ಲ ಎಂದಾಗುತ್ತದೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇದ್ದ ಮಾತ್ರಕ್ಕೆ ದ್ವಿತೀಯ ಪಿಯುಸಿಯ ಹುಡುಗಿಗೆ ಆಟದ ಕಂಪನಿಯ ಅಧಿಕಾರ! ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದು ತಿದ್ದಿ ಬರೆದವನಲ್ಲ ಎಂದು ಹೆಮ್ಮೆಪಡುತ್ತಾನೆ. ಆದರೂ ಅವನ ಕಾವ್ಯದ ಓಲೆಪ್ರತಿಗಳಲ್ಲಿ ಪಾಠಾಂತರಗಳಿವೆ, ಅಚ್ಚಿಗೆ ತರುವ ವಿದ್ವಾಂಸರು ಒಂದನ್ನು ಮೇಲೆ ಇಟ್ಟು ಉಳಿದವನ್ನು ಅಡಿಟಿಪ್ಪಣಿಗೆ ಇಳಿಸುತ್ತಾರೆ ಎಂದು ಸರ್ ಹೇಳಿದರು. ನಾನು ಬೇರೆ ಮಾಡಿದೆ. ಎಡಗಡೆಯ ಪುಟದಲ್ಲಿ ಮೊದಲ ಸಂಜೆಯ ಪದ, ಬಲಗಡೆ ಎರಡನೆಯ ಸಂಜೆಯದು. ಮೇಲೆ ತಾರೀಖು. ಕುದುರೆಯ ಲಗಾಮು ಎರಡು ಪುಟದಲ್ಲೂ ಇದೆ, ಹಿಡಿದವರು ಬೇರೆ ಬೇರೆ.

ಈ ಪುಸ್ತಕವನ್ನು ಬಕ್ರೀದಿಗೆ ಬಂದಾಗ ಮಾಮು ನೋಡಿದರು. ಸುಮ್ಮನೆ ಓದಿದರು, ಪೂರ್ತಿ ಓದಿದರು. ಮೊದಲ ಪುಟದ ಮೇಲ್ಭಾಗ ಖಾಲಿ ಇತ್ತು. ಪೆನ್ನು ಕೇಳಿ ಅಲ್ಲಿ ಒಂದು ಸಾಲು ಬರೆದರು: ಇವು ನಮ್ಮ ಅಬ್ಬಾ ಹಾಡುತ್ತಿದ್ದ ಪದಗಳು, ತವಾರೀಖು ಅಲ್ಲ. ನಾನಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, “‘ಹಾಡುತ್ತಿದ್ದ’ ಯಾಕ? ನಾ ಇನ್ನೂ ಅದೀನಲ್ಲ,” ಅಂದರು. ಮಾಮು ಅದನ್ನು ಹೊಡೆದುಹಾಕಿ ‘ಹಾಡುವ’ ಎಂದು ತಿದ್ದಿದರು.

ನನ್ನ ತಮ್ಮನಿಗೆ ಇದೆಲ್ಲ ಹೇಳ್ತಾ ಹೋದರೆ ಅವನದು ಒಂದೇ ಮಾತು, ವಿಕ್ ವ್ಯಾನ್ಸನ ಕತೆ ಲೆಕ್ಕಕ್ಕಿದೆ ಆಪಾ, ಯಾಕೆಂದರೆ ನಾನು ನೋಡಿದ್ದೇನೆ. ವಾದವಾಗಿ ಇದು ನಿಲ್ಲುವುದಿಲ್ಲ. ಆದರೂ ಅವನ ಗೆಳೆಯ ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪದಗಳಿವೆ. ಮೂರು ಅರ್ಧ, ನಾನಾಗೆ ಮುಂದಿನ ನುಡಿ ನೆನಪಾಗುತ್ತಿಲ್ಲ. ಅದರಲ್ಲಿ ಒಂದು ಸಕೀನಾ ನೀರು ಕೇಳುವ ಪದ, ಇನ್ನೊಂದು ಕುದುರೆ ಒಬ್ಬಂಟಿಯಾಗಿ ಬಿಡಾರಕ್ಕೆ ಮರಳುವ ಪದ. ಕಲಘಟಗಿ, ಕುಂದಗೋಳ ಕಡೆಯಿಂದ ಬರುವ ಗೆಳತಿಯರು ನಿಮ್ಮ ಊರ ಮೇಳದಲ್ಲಿ ಇವು ಇದ್ದರೆ ಹೇಳಿರಿ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಲೈಬ್ರರಿಯಲ್ಲಿ ಕಿಟಕಿಯ ಕಡೆಯ ಟೇಬಲ್ಲಿಗೆ ಇರುತ್ತೇನೆ. ನಿಮ್ಮ ಪದ ನಮ್ಮದಕ್ಕಿಂತ ಬೇರೆ ಇದ್ದರೂ ತನ್ನಿರಿ, ಪುಟ ಖಾಲಿ ಇವೆ. ಈ ವರ್ಷ ಮೇಳಕ್ಕೆ ಹೋಗುತ್ತಾರೋ ಇಲ್ಲವೋ ಎಂದು ನಾನಾ ಇನ್ನೂ ಹೇಳಿಲ್ಲ. ಮಂಡಿಗೆ ಹಚ್ಚುವ ಎಣ್ಣೆಯನ್ನು ಮಾತ್ರ ಮಾಮು ಹುಬ್ಬಳ್ಳಿಯಿಂದ ಕಳಿಸಿದ್ದಾರೆ.